ಪಾಟಿನ ಮೇಲಿನ ಪದರ

ಮಾರ್ಚ್ 3, ಬೆಳಿಗ್ಗೆ 7.10

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಟ್ರಾಫಿಕ್ ಜಾಮ್. ಹತ್ತು ನಿಮಿಷ ಲೇಟ್. ಬೋರ್ಡುಗಳಿಗೆ ಬೆಸುಗೆ ಹಾಕುವ ಪಾಟಿನಲ್ಲಿ ಸೋಲ್ಡರ್ ಆಗಲೇ ಕರಗಿದೆ. ಗಂಟೆಗೊಮ್ಮೆ ಡ್ರಾಸ್, ಅಂದರೆ ಮೇಲಿನ ಕಿಟ್ಟ, ತೆಗೆಯಬೇಕು — ಹೊಸ ಮ್ಯಾನೇಜರ್ ಬಸವಪ್ರಭು ಅವರ ಆದೇಶ, ಮೂರು ವಾರದಿಂದ ಗೋಡೆಯ ಮೇಲಿದೆ, ಲ್ಯಾಮಿನೇಟ್ ಮಾಡಿಸಿ! ಹಾಲಿನ ಕೆನೆಯಂತೆ ಮೇಲೆ ಕಟ್ಟುವ ಆ ಬೂದು ಪದರ ಅವರ ಕಣ್ಣಿಗೆ ಆಗದು. ಕಸ್ಟಮರ್ ಬಂದರೆ ಪಾಟ್ ಹೊಳೆಯಬೇಕಂತೆ. ತೆಗೆದಷ್ಟೂ ಕಟ್ಟುತ್ತದೆ. ಹೇಳಿದರೆ ಯಾರು ಕೇಳಬೇಕು...

ಮಾರ್ಚ್ 6

ಫೆಬ್ರವರಿ ಮಧ್ಯದಲ್ಲಿ ಬಂದ, ತಿಂಗಳಿಗಾಗಬೇಕಿದ್ದ ಸೋಲ್ಡರ್ ಬಾರ್ ಆಗಲೇ ಖಾಲಿ. ಬಸವಪ್ರಭು ಪ್ರಕಾರ ಕಳ್ಳತನವಂತೆ. ಡ್ರಾಸ್ ಡಬ್ಬಿ ಹೊರುವವರು ಶಂಶುನ್ನೀಸಾ ಆಪಾ — ಎಲ್ಲರೆದುರು ಅವರ ಬ್ಯಾಗ್ ತೆರೆಸಿದರು. ಒಳಗಿದ್ದದ್ದು ಟಿಫನ್ ಬಾಕ್ಸ್, ಅರ್ಧ ಹೆಣೆದ ಸ್ವೆಟರ್. ನನಗೆ ಕೆಲಸ ಕಲಿಸಿದವರು. ಕೇಳಲು ಮುಂದೆ ಹೋದೆ, ಆಪಾ ತಡೆದರು.

"ಚುಪ್ ಬೇಟಾ ಪದ್ಮಾ, ನಿನ್ ಕೆಲ್ಸಾನೂ ಹೋಗುತ್ತೆ."

ಹೋಗಲಿ.

ಮಾರ್ಚ್ 7

ಸ್ಟೋರಿನ ತೂಕದ ಮೆಷಿನ್ ತಂದು ಡ್ರಾಸ್ ತೂಗಿದೆ. ಇಷ್ಟು ದಿನ ಯಾರೂ ತೂಗಿರಲಿಲ್ಲ. ಒಂದು ಶಿಫ್ಟಿಗೆ ಒಂಬತ್ತು ಕಿಲೋ! ಬೂದಿಯಂತೆ ಕಂಡರೂ ಮುಕ್ಕಾಲು ಪಾಲು ಒಳ್ಳೆಯ ಸೋಲ್ಡರೇ. ಬಾರ್ ಎಲ್ಲೂ ಹೋಗಿಲ್ಲ, ಡಬ್ಬಿಯಲ್ಲೇ ಇದೆ.

ಮಾರ್ಚ್ 10

ಬೇಕೆಂದೇ ಪದರ ಮುಟ್ಟಲಿಲ್ಲ. ಬೋರ್ಡ್ ಇಲ್ಲದಾಗ ಸೋಲ್ಡರ್ ಉಕ್ಕಿಸುವ ಪಂಪ್ ಆಫ್.

"ಏನ್ರೀ ಇದು, ಇಷ್ಟ್ ಗಲೀಜು?"

"ಗಲೀಜಲ್ಲ ಸಾರ್, ಮುಚ್ಚಳ. ನೀವು ಕಿತ್ತಷ್ಟೂ ಗಾಳಿ ತಾಗಿ ಕೆಳಗಿರೋದೂ ಹಾಳಾಗುತ್ತೆ."

"ನಾ ಬಿ.ಇ. ಓದೀನ್ರೀ."

"ನಾನು ಇದ್ರ ಮುಂದೆ ಒಂಬತ್ತು ವರ್ಷ ನಿಂತಿದೀನಿ."

ಶಿಫ್ಟ್ ಮುಗಿಯುವಾಗ ಒಂದೇ ಸಲ ತೆಗೆದೆ. ಮೂರೂವರೆ ಕಿಲೋ. ರಿಜೆಕ್ಟ್ ಆದ ಬೋರ್ಡ್ ಒಂದೂ ಹೆಚ್ಚಿಲ್ಲ.

ಮಾರ್ಚ್ 14

ನಾಲ್ಕು ದಿನ ಅದೇ ತೂಕ. ಗೋಡೆಯ ಆದೇಶ ಸದ್ದಿಲ್ಲದೆ ಇಳಿದು ಕಸದ ಬುಟ್ಟಿ ಸೇರಿತು. ಆಪಾ ಮೇಲಿನ ಕಳ್ಳತನದ ದೂರು ಮಾತ್ರ ಇಳಿಯಲಿಲ್ಲ. ತಪ್ಪು ತಮ್ಮದೆಂದು ಹೇಳಲು ಸಾಹೇಬರಿಗೆ ಬಾಯಿ ಬಾರದು. ನಷ್ಟದ ವರದಿಯ ಫಾರಂ ನನ್ನ ಕೈಗಿಟ್ಟರು.

"ಆಕಿ ಹೆಸ್ರು ತುಂಬಿ ಸಾಕ್ಷಿ ಅಂತ ನೀವೇ ಸೈನ್ ಹಾಕ್ರಿ. ಇಲ್ಲಾಂದ್ರ ನೀವೂ ಹೊರಗ."

ಮಾರ್ಚ್ 15, ಬೆಳಿಗ್ಗೆ 6.00

ಫಾರಂ ಮುಂದಿದೆ. ಹೆದರಿಕೆ ಇದೆ, ಸುಳ್ಳೇಕೆ. ಆದರೂ ತುಂಬುತ್ತೇನೆ. ಬುಟ್ಟಿಯಿಂದ ಎತ್ತಿಕೊಂಡ ಆದೇಶವನ್ನೂ ಪಿನ್ ಮಾಡುತ್ತೇನೆ. ಲ್ಯಾಮಿನೇಟ್ ಮಾಡಿಸಿದ್ದು ಒಳ್ಳೆಯದೇ ಆಯಿತು, ಸಾಹೇಬರ ಸಹಿ ಸ್ವಲ್ಪವೂ ಮಾಸಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಫಾರಂನಲ್ಲಿ ಚಿತ್ತು ಆಗಬಾರದು.

ನಷ್ಟಕ್ಕೆ ಕಾರಣ: ಗಂಟೆಗೊಮ್ಮೆ ಡ್ರಾಸ್ ತೆಗೆಯಬೇಕೆಂಬ ಆದೇಶ.

ಕಾರಣರಾದವರ ಹೆಸರು: ಶ್ರೀ —