ಸಾರ್ವಜನಿಕರು ಹನ್ನೊಂದು

ಸ್ಟೇಷನ್ ರಸ್ತೆ, ಭಾಲ್ಕಿ
೨೪ ಏಪ್ರಿಲ್ ೨೦೧೬, ಭಾನುವಾರ

ತಮ್ಮಾ ಗೋರಖನಾಥ, ಜೈ ಭೀಮ್.

ಹೋದ ತಿಂಗಳು, ಮಾರ್ಚ್ ಹದಿನಾಲ್ಕರಿಂದ ಹದಿನಾರರವರೆಗೆ ಸ್ಟೇಷನ್ ಎದುರಿನ ಬಾಲೋದ್ಯಾನದ ಗೇಟಿನಲ್ಲಿ ಕುಳಿತು, ಬಂದುಹೋದವರನ್ನು ಎಣಿಸಿ ನೀನು ಬರೆದ ಲೆಕ್ಕ ಸುಳ್ಳು. ಆ ಲೆಕ್ಕ ತೋರಿಸಿಯೇ, ಅದನ್ನು ಬರೆಸಿದ ಉದ್ಯಾನ ಸಮಿತಿಯವರು ಏಪ್ರಿಲ್ ನಾಲ್ಕರಂದು ಗೇಟಿಗೆ ಬೀಗ ಹಾಕಿದರು. ಮೊದಲು ಕ್ಷೇಮ ಕೇಳಲು ಕುಳಿತರೆ ಮನಸ್ಸು ಮೆತ್ತಗಾದೀತು, ಅದಕ್ಕೇ ಇದನ್ನು ಮುಂಚೆ ಬರೆದೆ. ಈಗ ಹೇಳು, ನಿನ್ನ ಬೆನ್ನುನೋವು ಹೇಗಿದೆ? ಕೊಳಾರದ ಗೋದಾಮಿನಲ್ಲಿ ಕೂಡಲು ಕುರ್ಚಿಯಾದರೂ ಕೊಟ್ಟಿದ್ದಾರೋ? ಸುಭದ್ರಾಬಾಯಿಗೆ, ಮಕ್ಕಳಿಗೆ ಬೀದರಿನ ಬಿಸಿಲು ಒಗ್ಗಿತೇ? ನಾನು ಚೆನ್ನಾಗಿದ್ದೇನೆ. ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವಷ್ಟು ಮೊಣಕಾಲುಗಳು ಇನ್ನೂ ಮಾತು ಕೇಳುತ್ತಿವೆ.

ನೋಟೀಸಿನಲ್ಲಿ 'ಉಪಯೋಗವಿಲ್ಲದ ಹಳೆಯ ಆಟದ ಸಾಮಾನು' ಎಂದು ಬರೆದಿದ್ದಾರೆ. ಕೈಯಿಂದ ತಿರುಗಿಸುವ, ಮೇಲಕ್ಕೂ ಕೆಳಕ್ಕೂ ಸುತ್ತುವ ನಾಲ್ಕು ತೊಟ್ಟಿಲಿನ ಪಾಳಣಾ, ಎಂಟು ಕಟ್ಟಿಗೆ ಕುದುರೆಗಳ ಚಕ್ರ, ಸಿಮೆಂಟಿನ ಆನೆಯ ಬೆನ್ನಿನಿಂದ ಇಳಿಯುವ ಜಾರಬಂಡಿ, ಒಂದು ಬೇವಿನ ಗಿಡ. ಇಷ್ಟೇ ನಿಜ. ಆದರೆ ಮೊದಲು ಚಾಂದ ಪಾಶಾ, ಅವರ ನಂತರ ಅವರ ಮಗ ಉಸ್ಮಾನ ಮಿಯಾ ಆ ಪಾಳಣಾ ತಿರುಗಿಸಿದ ರೀತಿ ಯಾವ ನೋಟೀಸಿನಲ್ಲೂ ಬರುವುದಿಲ್ಲ. ಬರ ಬಿದ್ದ ವರ್ಷ ಔರಾದ ಕಡೆಯ ಊರುಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗಲು ಇಲ್ಲಿಗೆ ಬರುತ್ತಾರೆ. ಗಾಡಿ ಬರುವವರೆಗೆ ಅವರ ಮಕ್ಕಳಿಗೆಲ್ಲ ಪಾಳಣಾದಲ್ಲಿ ಒಂದು ಸುತ್ತು. ಅದಕ್ಕೆ ಟಿಕೀಟಿಲ್ಲ. ಪ್ರತಿ ತೊಟ್ಟಿಲೂ ಮೇಲಕ್ಕೆ ಹೋದಾಗ ಪಾಳಣಾಕ್ಕೆ ಎದೆಗೊಟ್ಟು ನಿಲ್ಲಿಸಿ ಕೆಳಗಿನಿಂದ ಕೂಗುವುದು: "ನಿಮ್ಮೂರು ಕಾಣ್ತದೇನೋ ಬೇಟಾ?"

ಎಪ್ಪತ್ತೆರಡರಲ್ಲಿ ನಿನಗೆ ಏಳು ವರ್ಷ, ನನಗೆ ಹನ್ನೆರಡು. ಅವ್ವ ಗಂಟಿನ ಮೇಲೆ ಕುಳಿತಿದ್ದಳು, ನೀನು ಗಾಡಿ ಹತ್ತುವುದಿಲ್ಲ ಎಂದು ಮಣ್ಣಿನಲ್ಲಿ ಹೊರಳಾಡುತ್ತಿದ್ದೆ. ಚಾಂದ ಪಾಶಾ ಬಂದು ನಿನ್ನನ್ನು ಬಗಲಿಗೆ ಹಾಕಿಕೊಂಡು ಹೋದರು. ಮೇಲಿನಿಂದ ನೀನು "ಕಾಣ್ತದ, ನಮ್ಮ ಮನಿ ಸುದ್ದಾ ಕಾಣ್ತದ" ಎಂದು ಕಿರುಚಿದೆ. ಹತ್ತು ಹರದಾರಿ ಆಚೆಯ ಊರು ಎಲ್ಲಿಂದ ಕಾಣಬೇಕು! ಆದರೆ ಹೈದರಾಬಾದ್ ಮುಟ್ಟುವವರೆಗೆ ನೀನು ಅಳಲಿಲ್ಲ.

ನಾವು ತಿರುಗಿ ಬಂದೆವು, ಓದಿದೆವು, ಭಾಲ್ಕಿಯಲ್ಲಿ ಮನೆ ಕಟ್ಟಿದೆವು, ಊರವರಾದೆವು. ಊರವರು ಏನು ಮಾಡಿದರು ನೋಡು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತು, ಸ್ಟೇಷನ್ನಿನಲ್ಲಿ ಗಂಟುಗಳು ಹೆಚ್ಚಿದವು, ಪಾಳಣಾದಲ್ಲಿ ಪರವೂರ ಮಕ್ಕಳು ಹೆಚ್ಚಿದರು. ಆಗ ಬಜಾರಿನಲ್ಲಿ ಒಂದು ಮಾತು ಹುಟ್ಟಿತು: ಅದರಾಗ ಕುಂತವ್ರಿಗಿ ಊರ ಬಿಡೂ ಕಾಲ ಬರ್ತದ. ಕಿರಾಣಿ ಅಂಗಡಿಯ ಹಾವಗೆಪ್ಪನವರು ನನಗೇ ಹೇಳಿದರು, "ಟೀಚರೇ, ಆ ಮಿಯಾ ಪಾಪ ಚಲೋ ಮನಷ್ಯಾ ಇದ್ದಾನ್ರಿ, ಆದ್ರ ಪಾಳಣಾದ ಕಾಲಗುಣ ಚಲೋ ಇಲ್ರಿ." ನನ್ನ ಮಗಳು ಶಾಲುಬಾಯಿ, ಎಂ.ಎ. ಓದಿದವಳು, ಮೊಮ್ಮಗಳನ್ನು ನಾನು ಹೊರಡಿಸಿದರೆ ಬಾಗಿಲಿಗೆ ಅಡ್ಡ ನಿಂತಳು: "ಎವ್ವಾ, ಎಲ್ಲಿಗರ ಒಯ್ಯಿ, ಅಲ್ಲಿಗಿ ಮಾತ್ರ ಬ್ಯಾಡ." ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಕೂಸಿನ ಚಪ್ಪಲಿ ಬಿಚ್ಚಿ ಒಳಗಿಟ್ಟೆ. ನಮ್ಮನ್ನು ಗಾಡಿ ಹತ್ತಿಸಿದ್ದು ಬರ, ಪಾಳಣಾ ಅಲ್ಲ ಎಂದು ನಾನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಬೀಗ ಬಿದ್ದ ಮೇಲೆ ಎಲ್ಲರಿಗೂ ಪ್ರೀತಿ ಉಕ್ಕಿತು. 'ನಮ್ಮ ಬಾಲ್ಯ ಉಳಿಸಿ' ಎಂಬ ಮನವಿಗೆ ಇನ್ನೂರ ನಲವತ್ತು ಜನ ಸಹಿ ಹಾಕಿದರು. ಸಮಿತಿ ಹೋದ ಭಾನುವಾರ ಒಂದು ದಿನದ ಮಟ್ಟಿಗೆ ಬೀಗ ತೆಗೆಯಲು ಒಪ್ಪಿತು. ನಾನು ಮನೆಮನೆಗೆ ಹೋಗಿ ಕೈಮುಗಿದೆ: ಸಹಿಯಿಂದ ಪಾಳಣಾ ತಿರುಗುವುದಿಲ್ಲ, ಮಕ್ಕಳನ್ನು ಕರೆತಂದು ಕೂಡಿಸಿ. ಮೂವತ್ತೊಂದು ಜನ ಬಂದರು. ಕಟ್ಟಿಗೆ ಕುದುರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಉಸ್ಮಾನ ಮಿಯಾನ ಹೆಗಲ ಮೇಲೆ ಕೈಹಾಕಿಯೂ ತೆಗೆಸಿಕೊಂಡರು. ಪಾಳಣಾದಲ್ಲಿ ಒಬ್ಬರ ಮಗುವೂ ಕೂಡಲಿಲ್ಲ. ಕೊನೆಗೆ ನಾನೇ ಕುಳಿತೆ. ಐವತ್ತಾರು ವರ್ಷದ ಹೆಂಗಸು ಒಬ್ಬಳೇ ತಿರುಗುವುದನ್ನು ನೋಡಿ ನಕ್ಕರು. ಶಾಲುಬಾಯಿಯೂ ಮನೆಯಲ್ಲಿ ನಕ್ಕಳು, "ನೀ ಎಲ್ಲಿಗಿ ಹೊಂಟಿ ಎವ್ವಾ, ಪುಣಾಕ್ಕೊ ಮುಂಬೈಗೊ?"

ಇನ್ನು ನಿನ್ನ ವಿಷಯ. ಹದಿನೈದನೇ ತಾರೀಕು ಶಾಲೆ ಬಿಟ್ಟ ಮೇಲೆ ನಿನಗೆ ಚಹಾ ತಂದಿದ್ದೆನಲ್ಲ? ನೀನು ಬೇವಿನ ನೆರಳಿಗೆ ಕುರ್ಚಿ ಹಾಕಿಕೊಂಡಿದ್ದೆ, ತೊಡೆಯ ಮೇಲೆ ಹಾಜರಿ ವಹಿ. ಠಾಣಾ ಕುಶನೂರ ಕಡೆಯ ಒಂದು ಕುಟುಂಬ, ಐದು ಮಕ್ಕಳು, ನಿನ್ನ ಕಾಲು ದಾಟಿಕೊಂಡೇ ಒಳಗೆ ಹೋಯಿತು. ನಿನ್ನ ಪೆನ್ನು ಅಲ್ಲಾಡಲಿಲ್ಲ. "ಬರಿಯಲಿಲ್ಲಲ್ಲೋ?" ಎಂದು ಕೇಳಿದೆ. ನೀನು ತಲೆ ಎತ್ತದೆ, "ಅಕ್ಕಾ, ಇವ್ರು ಗಾಡಿಗಿ ಕಾಯೋರು. ಸಾರ್ವಜನಿಕರಂದ್ರ ಊರ ಮಂದಿ" ಎಂದೆ. ಅಲ್ಲಿ ಆ ಹೊತ್ತಿಗೆ ಎರಡು ಸಾಲು ಮಕ್ಕಳು ಕಾಯುತ್ತಿದ್ದರು. ಮೂರು ದಿನದ ಕೊನೆಗೆ ನೀನು ಬರೆದ ಅಂಕಿ: ಸಾರ್ವಜನಿಕರು, ಹನ್ನೊಂದು. ತಮ್ಮನೆಂದು ನಾನು ಬಾಯಿಮುಚ್ಚಿಕೊಂಡೆ, ಖಾಲಿ ಕಪ್ಪು ತೆಗೆದುಕೊಂಡು ಮನೆಗೆ ಬಂದೆ. ಹದಿನೈದು ದಿನದಲ್ಲಿ ಸಮಿತಿಯ ಅಧ್ಯಕ್ಷರ ಅಳಿಯನ ಗೋದಾಮಿನಲ್ಲಿ ನಿನಗೆ ಕೆಲಸವಾಯಿತು. ಎರಡಕ್ಕೂ ಸಂಬಂಧವಿಲ್ಲ ಎಂದು ನೀನು ಹೇಳಿದರೆ ನಂಬಲು ಸಿದ್ಧಳಿದ್ದೇನೆ. ನೀನು ಫೋನೇ ಎತ್ತುವುದಿಲ್ಲ.

ಉಸ್ಮಾನ ಮಿಯಾನಿಗೆ ತಕರಾರು ಅರ್ಜಿ ಕೊಡು ಎಂದೆ. ಅವನ ಹೆಂಡತಿ ಅಕ್ತರಬೀ ಕಾಗದವನ್ನೂ ತಂದಿಟ್ಟಳು. ಅವನು ಮುಟ್ಟಲಿಲ್ಲ. "ಬರ್ದವ್ರು ನಿಮ್ಮ ತಮ್ಮ, ಓದಾವ್ರು ನೀವು. ನಾ ಬರೇ ತಿರುವಾಂವ ರೀ ಟೀಚರೇ," ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಂದು ರಾತ್ರಿ ಊಟ ಸೇರುತ್ತಿತ್ತು.

ಬಿಸಿಲಲ್ಲಿ ತಿರುಗಬೇಡ, ಬೆನ್ನಿಗೆ ಎಣ್ಣೆ ಹಚ್ಚಿಸಿಕೊ. ಸುಭದ್ರಾಬಾಯಿಗೂ ಮಕ್ಕಳಿಗೂ ನನ್ನ ಹಾರೈಕೆ. ಸಿಟ್ಟು ನಿನ್ನೊಬ್ಬನ ಮೇಲೆ ಮಾತ್ರ, ಅವರಿಗೆ ಈ ಕಾಗದ ಓದಿ ಹೇಳಲು ಅಡ್ಡಿಯಿಲ್ಲ.

ನಿನ್ನ ಅಕ್ಕ,
ಶೇವಂತಾಬಾಯಿ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇ ಒಂದು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾಲೋದ್ಯಾನದ ಗೇಟಿನೆದುರು ಸಮಿತಿಯ ಬಹಿರಂಗ ಸಭೆ. ಅಂದು ತೀರ್ಮಾನವಾದರೆ ಮರುದಿನವೇ ಪಾಳಣಾ ಬಿಚ್ಚುತ್ತಾರೆ. ತಕರಾರು ಅರ್ಜಿಯನ್ನು ನಾನೇ ಕೊಟ್ಟಿದ್ದೇನೆ. ಕಂಡೂ ಸುಮ್ಮನಿದ್ದವಳೆಂದು ಮೊದಲು ನನ್ನ ಹೆಸರು, ಬರೆಯದೆ ಬಿಟ್ಟವನೆಂದು ಎರಡನೆಯದು ನಿನ್ನದು. ನನಗೆ ಗುಟ್ಟಾಗಿ ಫೋನ್ ಮಾಡಬೇಡ, ಸುಭದ್ರಾಬಾಯಿಯ ಕೈಲಿ ಹೇಳಿಸಬೇಡ. ಬಂದು ಜನರೆದುರು ನಿಂತು ಹೇಳು: ಗಂಟು ಹೊತ್ತವರನ್ನು ಸಾರ್ವಜನಿಕರ ಲೆಕ್ಕಕ್ಕೆ ಹಿಡಿಯಬೇಡ ಎಂದು ನಿನಗೆ ಹೇಳಿದವರು ಯಾರು? ಯಾರೂ ಹೇಳಿರಲಿಲ್ಲವಾದರೆ, ಅದನ್ನೂ ಅಲ್ಲೇ ಹೇಳು.