ಮರುಳಪ್ಪನವರ ವಿಭೂತಿ

ಅರುಣ್‌ಕುಮಾರ್ ಅವರೇ,

ಇದನ್ನು ನಿಮಗೆ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ವಿಡಿಯೋ ಮಾಡಿಸುತ್ತೀರಿ.

ನಿಮ್ಮ ಕ್ಲಿನಿಕ್ಕಿನ ವಿಡಿಯೋ ನಿನ್ನೆ ರಾಯದುರ್ಗಕ್ಕೂ ಬಂತು. ಅದರಲ್ಲಿ ನಮ್ಮ ಯಜಮಾನರು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಾರೆ. ಹಿಂದಿನಿಂದ ನಿಮ್ಮ ನುಣುಪು ದನಿ: "ಬೈಕಿನಿಂದ ಬಿದ್ದು ಮೆದುಳಿಗೆ ಪೆಟ್ಟಾಗಿ, ಕೈಯೆತ್ತಲೂ ಆಗದಿದ್ದ ಮರುಳಪ್ಪನವರು, ನಮ್ಮ ಸ್ಟೆಮ್ ಸೆಲ್ ಚಿಕಿತ್ಸೆಯ ನಂತರ..."

ಆ ಕೈ ನಿಮ್ಮ ಸೂಜಿ ಚುಚ್ಚುವ ಮೊದಲೇ, ಬಳ್ಳಾರಿ ಆಸ್ಪತ್ರೆಯ ಮಂಚದ ಮೇಲೇ ವಿಭೂತಿ ಹಚ್ಚಿಕೊಂಡಿತ್ತು. ವಿಭೂತಿ ಗಟ್ಟಿಯನ್ನು ಅವರ ಮುಂದೆ ಹಿಡಿದು ನಿಂತಿದ್ದವರು ನೀವೇ. ಒಂದೇ ಮಠದಲ್ಲಿ, ಒಂದೇ ದಿನ ದೀಕ್ಷೆಯಾದ ಗೆಳೆಯರು ನೀವು. ತಲೆ ಮರೆತರೂ ನಮ್ಮವರ ಕೈ ಅದನ್ನು ಮರೆಯುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ಆ ಕ್ಲಿನಿಕ್ಕಿನಲ್ಲಿ ನಿಮಗೀಗ ತಿರುಗುವ ಕುರ್ಚಿ ಕೊಟ್ಟಿದ್ದಾರಂತೆ. ತಿರುಗಿ.

ಅವರಿಗೆ ನನ್ನ ಹೆಸರು ಇವತ್ತಿಗೂ ನೆನಪಿಲ್ಲ. ವಿಡಿಯೋದಲ್ಲಿ ತಮ್ಮದೇ ಮುಖವೂ ಗುರುತಾಗಲಿಲ್ಲ. ನಿಮ್ಮ ದನಿ ಕೇಳಿದ್ದೇ ಬಾಗಿಲ ಕಡೆ ತಿರುಗಿದರು.

"ನಮ್ಮ ಅರುಣ ಬಂದಾನ. ಚಾ ಇಡ್ರಿ ಅಮ್ಮಾ," ಅಂದರು.

ಇಟ್ಟೆ. ನಿಮ್ಮ ಲೋಟದ ಮೇಲೆ ತಟ್ಟೆ ಮುಚ್ಚಿ, ಯಾರಿಗೂ ಮುಟ್ಟಗೊಡದೆ ಕೂತಿದ್ದಾರೆ.

ಭುವನೇಶ್ವರಿ