ಮಾವನ ರಕ್ತ, ಕಾಕಾನ ರಕ್ತ

ಕೊಣ್ಣೂರ

ಮಗಳು ಶಿವಾನಿಗೆ ಪರಪ್ಪ ಕಾಕಾನ ಆಶೀರ್ವಾದ.

ನಿನ್ನ ಸಂಶೋಧನೆಗೆ ಯಮಕನಮರಡಿ ಮಾವನ ರಕ್ತ ತೆಗೆದುಕೊಂಡೆಯಂತೆ. ಅಂವ ಸಂತೆ ತುಂಬ, "ನಮ್ಮ ರಕ್ತ ಲ್ಯಾಬಿಗೇ ಬೇಕಾಗೇತ್ರಿ" ಎಂದು ಎದೆ ಉಬ್ಬಿಸಿ ತಿರುಗುತ್ತಿದ್ದಾನೆ. ನನ್ನ ರಕ್ತಕ್ಕೇನು ಹುಳ ಬಿದ್ದಿದೆಯೇ?

ನೀನು ಸಂಶೋಧನೆ ಮಾಡುತ್ತಿರುವ ಜೀನಿನ ಪ್ರೋಟೀನು ತಾನೇನೂ ಮಾಡದು, ಜೀವಕೋಶದೊಳಗೆ ಬೇರೆ ಎರಡು ಪ್ರೋಟೀನುಗಳನ್ನು ಜೋಡಿಸಿ ಸುದ್ದಿ ಮುಟ್ಟಿಸುತ್ತದೆ ಎಂದು ನೀನೇ ಹೇಳಿದ್ದೆ. ಅದು ಹದ್ದು ಮೀರಿದರೆ ಹೊಸ ರಕ್ತನಾಳಗಳು ಹುಟ್ಟಿ ಕಣ್ಣಿನಲ್ಲಿ ಸೋರುತ್ತವೆ, ಕ್ಯಾನ್ಸರ್ ಗಡ್ಡೆಗೂ ಅನ್ನ ಒಯ್ಯುತ್ತವೆ ಎಂದಿದ್ದೆ. ಜೋಡಿಸುವುದರಲ್ಲಿ ನನ್ನನ್ನು ಮೀರಿಸಿದವರುಂಟೇ? ನಿಮ್ಮಪ್ಪ-ಅವ್ವನ ಮದುವೆ ಕೂಡಿಸಿದವನು ನಾನು. ನಾನಿಲ್ಲದಿದ್ದರೆ ಅಂವ ನಿನಗೆ ಮಾವನೇ ಆಗುತ್ತಿರಲಿಲ್ಲ!

ಅವನಿಗೆ ಶುಗರಿನಿಂದ ಕಣ್ಣು ಕೆಟ್ಟಿದೆ, ಅದಕ್ಕೇ ರಕ್ತ ತೆಗೆದೆ ಎನ್ನಬೇಡ. ಅದರಲ್ಲೂ ನಾನು ಹಿಂದೆ ಬಿದ್ದಿಲ್ಲ. ಮನೆ ಮುಂದಿನ ಕರೆಂಟ್ ಕಂಬ ನನಗೆ ನಟ್ಟನಡುವಿನಲ್ಲಿ ಬಾಗಿ ಕಾಣುತ್ತಿದೆ. ಸೊಟ್ಟ ನೆಟ್ಟಿದ್ದೀ ಎಂದು ಲೈನ್‌ಮನ್ ಜೊತೆ ಜಗಳವನ್ನೂ ತೆಗೆದೆ. ನಿನ್ನ ಚಿಗವ್ವ ಹೊರಗೆ ಬಂದು ನೋಡಿ, "ಕಂಬ ನೆಟ್ಟಗ ಐತಲ್ರಿ" ಎಂದಳು. ಚಾಷ್ಟಿಗೆ ಅಂದೆ ಎಂದು ನಕ್ಕುಬಿಟ್ಟೆ.

ಭಾನುವಾರ ಸಿರಿಂಜ್ ತೆಗೆದುಕೊಂಡು ಬಾ. ಮಾವನಿಗಿಂತ ಒಂದು ಬಾಟಲಿ ಹೆಚ್ಚೇ ತೆಗೆ. ಕಣ್ಣನ್ನೂ ಹಾಗೇ ಒಮ್ಮೆ ನೋಡಿಬಿಡು. ಚಿಗವ್ವನ ಮುಂದೆ ಮಾತ್ರ ಕಂಬದ ಸುದ್ದಿ ತೆಗೆಯಬೇಡ.

ನಿನ್ನ ಸ್ವಂತ ರಕ್ತದ ಕಾಕಾ,
ಪರಪ್ಪ